ಅಮಾವಾಸ್ಯೆಯ ತಾಲೀಮು

ನೋಟು ಎಣಿಸುವ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ನಮ್ಮ ಸರ್ ಅವರ ಬಲಗೈ ಹೆಬ್ಬೆರಳು ನಾಲಿಗೆಯ ಸಹವಾಸ ಬಿಟ್ಟಿರಲಿಲ್ಲ. ಟ್ಯಾಬಿನ ಗಾಜಿನ ಮೇಲೆ ಗಿರಾಕಿಗಳಿಗೆ ಅವರ ಹೂಡಿಕೆಗಳನ್ನು ಸರಿಸಿ ತೋರಿಸುವಾಗಲೂ ಮೊದಲು ಬೆರಳನ್ನು ನಾಲಿಗೆಗೆ ಒತ್ತಿ, ಆಮೇಲೆ ಗಾಜಿಗೆ ಒತ್ತುತ್ತಿದ್ದರು. ಒದ್ದೆ ಬೆರಳಿನ ಮಾತನ್ನು ಗಾಜು ಕೇಳುತ್ತಿರಲಿಲ್ಲ. ಪುಟ ಬೇಡವೆಂದರೂ ಹಿಂದಕ್ಕೆ ಹಾರುತ್ತಿತ್ತು, ಅದಕ್ಕೂ ಬೈಗುಳ ನನಗೇ ಬೀಳುತ್ತಿತ್ತು. ಆ ಎಂಜಲು ಗಾಜನ್ನು ಒರೆಸುವುದು ನನ್ನ ನೌಕರಿಯ ಕೆಲಸಗಳಲ್ಲಿ ಒಂದು. ಈಗಲೂ ಯಾರಾದರೂ ಬೆರಳು ನೆಕ್ಕಿ ಪುಸ್ತಕದ ಹಾಳೆ ತಿರುವಿದರೆ ನನ್ನ ಕೈ ತಾನಾಗಿಯೇ ಬಟ್ಟೆ ಹುಡುಕುತ್ತದೆ.

ದೇಶಪಾಂಡೆ ನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಬಾಗಿಲ ಮೇಲಿನ ಫಲಕದಲ್ಲಿ 'ವೆಲ್ತ್ ಮ್ಯಾನೇಜ್‌ಮೆಂಟ್' ಎಂದಿತ್ತು. ಊರವರು ಅಷ್ಟುದ್ದ ಹೇಳುವ ಗೋಜಿಗೆ ಹೋಗದೆ ಬೆನ್ನ ಹಿಂದೆ ಅವರನ್ನು ಯಮನ ಏಜೆಂಟ್ ಎನ್ನುತ್ತಿದ್ದರು. ಎದುರಿಗೆ ಎಲ್ಲರಿಗೂ ಸರ್. ನಾನೂ ಸರ್ ಎಂದೇ ಕರೆದೆ. ಮನಸ್ಸಿನೊಳಗೆ ಕರೆದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹತ್ತಿಯ ಅಡತಿ ಅಂಗಡಿಯ ಗಲ್ಲೆಯಲ್ಲಿ ನೋಟು ಎಣಿಸುತ್ತ ಶುರುವಾದವರು ಅವರು. ಸಂಜೆ ಕಾಲೇಜಿನಲ್ಲಿ ಓದಿ, ಖಾಸಗಿ ಬ್ಯಾಂಕೊಂದರಲ್ಲಿ ಶ್ರೀಮಂತ ಗಿರಾಕಿಗಳನ್ನು ನೋಡಿಕೊಳ್ಳುವ ಹುದ್ದೆಗೆ ಏರಿದ್ದರು. ಎಂಬತ್ತು ದಾಟಿದ ನಿವೃತ್ತ ಮಾಸ್ತರರೊಬ್ಬರಿಗೆ ಹದಿನೈದು ವರ್ಷ ಕಂತು ಕಟ್ಟುವ ವಿಮೆಯನ್ನು ಮಾರಬೇಕೆಂದು ಮೇಲಿನವರು ಹಟ ಹಿಡಿದಾಗ, "ಹದಿನೈದು ವರ್ಷ ಇವರೆಲ್ಲಿ ಇರ್ತಾರ್ರಿ? ಮುಂದಿನ ದೀಪಾವಳಿ ನೋಡಿದರ ಭಾಳ ಆತು" ಎಂದು ಮಾಸ್ತರರ ಎದುರಿಗೇ ಅಂದುಬಿಟ್ಟರಂತೆ. ಮಾಸ್ತರರ ದುಡ್ಡು ಉಳಿಯಿತು. ಮಾಸ್ತರರು ಅವರೊಂದಿಗೆ ಮಾತು ಬಿಟ್ಟರು. ಬ್ಯಾಂಕು ಅವರನ್ನೇ ಬಿಟ್ಟಿತು. ಸ್ವಂತ ಆಫೀಸು ತೆರೆದದ್ದು ಆಮೇಲೆ. ಒಳ್ಳೆಯ ಮಾತನ್ನು ಕೂಡ ಕೆನ್ನೆಗೆ ಬಾರಿಸಿದಂತೆ ಹೇಳುವುದು ಅವರಿಗೆ ಹುಟ್ಟುಗುಣ.

ನನ್ನ ಕೆನ್ನೆಗೆ ಮೊದಲು ಬಿದ್ದದ್ದು ನಮ್ಮ ಮನೆಯಲ್ಲೇ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಅಪ್ಪ ಮೋಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಣ್ಣು ಮುಗಿದು ಎರಡು ದಿನವಾಗಿತ್ತು, ಮಾತಾಡಿಸಲು ಬಂದವರಿಂದ ಪಡಸಾಲೆ ತುಂಬಿತ್ತು. ಹಿಂಗಾಗಬಾರದಿತ್ತು, ವಯಸ್ಸೇನ ಆಗಿತ್ತು ಎಂಬ ಮಾತುಗಳ ನಡುವೆ ಬಿಳಿ ಶರ್ಟಿನ ಒಬ್ಬರು ಬಂದು ಜಮಖಾನೆಯ ಮೇಲೆ ಕೂತರು. ಅಪ್ಪ ಇವರ ಕಡೆ ಒಂದಿಷ್ಟು ದುಡ್ಡು ಹಾಕಿದ್ದಾನೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಅವರು ಗೋಡೆಗೆ ಒರಗಿ ಅಳುತ್ತಿದ್ದ ಅವ್ವನ ಕಡೆ ತಿರುಗಿ, "ಅಕ್ಕಾರ, ಒಂದ ಕಪ್ ಚಹಾ ಬೇಕಾಗಿತ್ತರಿ. ಸಕ್ರಿ ಹಾಕಬ್ಯಾಡ್ರಿ" ಎಂದರು.

ಸಾವಿನ ಮನೆಯಲ್ಲಿ ಯಾರೂ ಚಹಾ ಕೇಳುವುದಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಊಟಕ್ಕೂ ಏಳದಿದ್ದ ಅವ್ವ ಎದ್ದಳು. ನಾನು ಏಳಲು ಹೋದರೆ ಅವರು, "ನೀ ಕುಂದ್ರವಾ. ಅವರ ಮಾಡ್ಲಿ" ಎಂದರು. ಅಡುಗೆಮನೆಯಲ್ಲಿ ಸ್ಟೌ ಹೊತ್ತಿದ ಸದ್ದು ಕೇಳಿತು.

ಚಹಾ ಕುಡಿದಾದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಅವರ ಫೋನ್ ಎಲ್ಲೈತಿ?"

ಫೋನು ಚಿಕ್ಕಪ್ಪನ ಕಿಸೆಯಲ್ಲಿತ್ತು. ಜೋಪಾನವಾಗಿರಲಿ ಎಂದು ಇಟ್ಟುಕೊಂಡಿದ್ದಾಗಿ ಚಿಕ್ಕಪ್ಪ ಹೇಳಿದ. ಅವರು ಅವ್ವನನ್ನು ಕೇಳಿದರು: "ಅದರ ಲಾಕ್ ಗೊತ್ತೈತೇನ್ರಿ?" ಅವ್ವ ಇಲ್ಲವೆಂದು ತಲೆಯಾಡಿಸಿದಳು. ಚಿಕ್ಕಪ್ಪನನ್ನು ಕೇಳಿದರು. ಅವನಿಗೆ ಗೊತ್ತಿತ್ತು.

"ನೋಡ್ರಿ ಅಕ್ಕಾರ" ಎಂದರು, ಎಲ್ಲರಿಗೂ ಕೇಳುವಂತೆ. "ಇಷ್ಟ ವರ್ಷ ಬಾಳೇ ಮಾಡೀರಿ. ತಮ್ಮಗ ಗೊತ್ತಿದ್ದದ್ದು ನಿಮಗ ಗೊತ್ತಿಲ್ಲ. ಬ್ಯಾಂಕಿನವರು ನಂಬರ್ ಕಳಸೂದು ಈ ಫೋನಿಗೆ. ಇದು ಯಾರ ಕಡೆ ಐತೋ ನಿಮ್ಮ ಮನಿ ಅವರ ಕಡೆ ಐತಿ. ಕುಂತು ಅಳ್ರಿ ಇನ್ನ, ಅಳೂದು ಬಿಟ್ಟರ ನಿಮಗ ಮತ್ತೇನ್ ಬರ್ತೈತಿ?"

ಅವ್ವನ ಅಳು ಗಕ್ಕನೆ ನಿಂತಿತು. ಅದು ಸಿಟ್ಟು. ಎದ್ದು ಹೋಗಿ ಚಿಕ್ಕಪ್ಪನ ಮುಂದೆ ಕೈ ಚಾಚಿದಳು. ಅಷ್ಟು ಜನರ ಮುಂದೆ ಅವನು ಇಲ್ಲ ಎನ್ನಲಾಗದೆ ಫೋನು ಕೊಟ್ಟ, ಲಾಕನ್ನೂ ಹೇಳಿದ. ಬಿಳಿ ಶರ್ಟಿನವರು ಎದ್ದು ಚಪ್ಪಲಿ ಮೆಟ್ಟಿಕೊಂಡು, ಹೋಗಿ ಬರ್ತೇನಿ ಎನ್ನದೆ ಹೋದರು. ಆ ಒಂದು ರಿವಾಜು ಮಾತ್ರ ಅವರು ಪಾಲಿಸಿದರು. ಸಾವಿನ ಮನೆಯಿಂದ ಹೊರಡುವಾಗ ಮತ್ತೆ ಬರುವ ಮಾತು ಆಡಬಾರದಲ್ಲ.

ಚಿಕ್ಕಪ್ಪ ಆ ಎರಡು ದಿನಗಳಲ್ಲೇ ಅಪ್ಪನ ಖಾತೆಗೆ ಕೈ ಹಾಕಲು ನೋಡಿದ್ದ ಎಂಬುದು ಆಮೇಲೆ ಬ್ಯಾಂಕಿನಿಂದ ತಿಳಿಯಿತು. ಇನ್ನೊಂದು ದಿನ ಸಿಕ್ಕಿದ್ದರೆ ಅಂಗಡಿಯೂ ಇಲ್ಲ, ಮನೆಯೂ ಇಲ್ಲ. ಅವ್ವ ಇವತ್ತಿನವರೆಗೂ ಸರ್ ಅವರನ್ನು ಕ್ಷಮಿಸಿಲ್ಲ. ಅವರು ಉಳಿಸಿಕೊಟ್ಟ ಮನೆಯಲ್ಲೇ ಕೂತು, ಅವರು ಕೊಡಿಸಿದ ತಿಂಗಳ ಬಡ್ಡಿಯಲ್ಲಿ ತರಿಸಿದ ಚಹಾ ಕುಡಿಯುತ್ತ ಅವರನ್ನು ಬೈಯುತ್ತಾಳೆ. ನಾನು ಬಿ.ಕಾಂ. ಮುಗಿಸಿ ಕಾಗದಪತ್ರಗಳಿಗೆಂದು ಅವರ ಆಫೀಸಿಗೆ ಹೋದಾಗ ಅವರು ನನ್ನ ಮುಖವನ್ನೇ ನೋಡಿ, "ನಿನಗ ನನ್ನ ಮ್ಯಾಲೆ ಸಿಟ್ಟೈತಿ. ಛಲೋ ಆತು. ಮರುಗೂ ಮಂದಿ ಈ ಕೆಲಸಕ್ಕ ಬರೂದಿಲ್ಲ. ನಾಳಿಂದ ಬಾ" ಎಂದರು.

ಹೋದೆ. ಅವರ ಕೆಲಸದ ರೀತಿ ಕಲಿತೆ. ಧಾರವಾಡದ ದೊಡ್ಡ ಡಾಕ್ಟರರೊಬ್ಬರು ಹೆಂಡತಿಯ ಜೊತೆ ಬಂದು ಮ್ಯೂಚುವಲ್ ಫಂಡು, ಮಗಳ ಓದು, ಹೊಸ ಮನೆ ಎಂದೆಲ್ಲ ಮಾತಾಡಿದರು. ಸರ್ ಎಲ್ಲ ಕೇಳಿಸಿಕೊಂಡು ಹೆಬ್ಬೆರಳು ನೆಕ್ಕಿ, "ನೀವು ಹ್ವಾದ ಮ್ಯಾಲೆ ಇವರು ಎಲ್ಲಿರ್ತಾರ?" ಎಂದರು. ಡಾಕ್ಟರರ ಹೆಂಡತಿ ಎದ್ದು ನಿಂತಳು. "ಕುಂದರ್ರಿ ತಂಗಿ. ಅವರ ಹೊಟ್ಟಿ ನೋಡ್ರಿ, ಮೆಟ್ಟಲಾ ಹತ್ತಿ ಬರೂದ್ರಾಗ ಹೆಂಗ ತೇಕಾಕತ್ತಿದ್ರು ಕೇಳಿದ್ರಿಲ್ಲ? ನಾ ಕೇಳೂದು ತಪ್ಪಲ್ಲ." ಅವರು ಮತ್ತೆಂದೂ ಬರಲಿಲ್ಲ. ಹೀಗೆ ಅವರು ಕಳೆದುಕೊಂಡ ಗಿರಾಕಿಗಳಿಂದ ಊರಿನ ಬೇರೆ ಆಫೀಸುಗಳು ಚೆನ್ನಾಗಿಯೇ ಬಾಳುತ್ತಿದ್ದವು. ಉಳಿದವರು ಮಾತ್ರ ಸಾಯುವತನಕ ಉಳಿದರು, ಸತ್ತ ಮೇಲೆ ಅವರ ಹೆಂಡಿರು ಉಳಿದರು.

ಇಷ್ಟೆಲ್ಲ ಹೊರಗಿನವರಿಗೆ. ಮನೆಯಲ್ಲಿ ನಡೆಯುತ್ತಿದ್ದದ್ದು ಇದಕ್ಕಿಂತ ಹೆಚ್ಚಿನದು.

ಪ್ರತಿ ಅಮಾವಾಸ್ಯೆ ಸಂಜೆ ಹುಬ್ಬಳ್ಳಿಯ ಎಲ್ಲ ಅಂಗಡಿಗಳಂತೆ ನಮ್ಮ ಆಫೀಸಿನಲ್ಲೂ ಪೂಜೆ. ಕಾಯಿ ಒಡೆದು, ಚುರಮುರಿ ಹಂಚಿ, ಬಾಗಿಲು ಹಾಕಿದ ಮೇಲೆ ಸರ್ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಮ್ಮ ಮನೆಗೆ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಇಬ್ಬರೇ, ಅವರು ಮತ್ತು ಅವರ ಹೆಂಡತಿ. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ದುಂಡು ಮುಖ, ಹಣೆಯ ತುಂಬ ಕುಂಕುಮ, ಊಟಕ್ಕೆ ಬಂದವರು ಇನ್ನು ಸಾಕು ಎಂದರೆ ಅವಮಾನವಾದವರಂತೆ ನಿಲ್ಲುವ ಹೆಂಗಸು. ಕಾಕು ಮಾಡುತ್ತಿದ್ದ ಎಣ್ಣೆಗಾಯಿಯ ರುಚಿ ಆಮೇಲೆ ಎಲ್ಲಿಯೂ ಸಿಗಲಿಲ್ಲ. ಊಟಕ್ಕೆ ಮೊದಲು ತಾಲೀಮು.

ಸರ್ ದಿವಾನದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದರು. "ನಾ ಸತ್ತೇನಿ. ಚಾಲೂ ಮಾಡು."

ಹೆಂಡತಿ ವಿಧವೆಯಾಗುವುದನ್ನು ರೂಢಿ ಮಾಡಿಕೊಳ್ಳಬೇಕು. ಅದು ಆಟದ ನಿಯಮ. ಮೊದಲ ಸಲ ನೋಡಿದಾಗ ನನಗೆ ಎದ್ದು ಓಡಿಹೋಗಬೇಕೆನಿಸಿತ್ತು. ಕಾಕು ಮಾತ್ರ ಸೌಟು ಕೆಳಗಿಟ್ಟು ಬಂದು, "ನಮ್ಮ ಮಂದ್ಯಾಗ ಹೆಣ ಮಲಗಸೂದಿಲ್ರಿ, ಕುಂದರಸ್ತಾರ. ಸರಿಯಾಗಿ ಸಾಯ್ರಿ" ಎಂದಳು. ಅಂದಿನಿಂದ ಅವರು ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ ಕೂತು ಸಾಯತೊಡಗಿದರು.

ನನಗೆ ಮೈದುನನ ಪಾತ್ರ. ಸರ್ ಅವರಿಗೆ ಒಬ್ಬ ತಮ್ಮನಿದ್ದ, ಊರಲ್ಲೇ ಇದ್ದ. ಕೈಹಾಕಿದ ವ್ಯಾಪಾರವೆಲ್ಲ ಮುಳುಗಿಸಿ ಅಣ್ಣನ ಆಸ್ತಿಯನ್ನೇ ನೋಡುತ್ತ ಕೂತವನು. ಅವರ ತಂದೆ ಸತ್ತಾಗ ದಾಯಾದಿಗಳು ಅವರ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬೀದಿಗೆ ಬಿಟ್ಟಿದ್ದರೆಂದೂ, ಆ ತಾಯಿ ಕಡೆಯತನಕ ಮಂದಿಯ ಮನೆಯಲ್ಲಿ ರೊಟ್ಟಿ ಬಡಿದಳೆಂದೂ ಕಾಕು ಒಮ್ಮೆ ನನಗೆ ಹೇಳಿದ್ದಳು. ಸರ್ ಆ ವಿಷಯ ಎಂದೂ ಎತ್ತಲಿಲ್ಲ. ಎತ್ತುವ ಬದಲು ಹೆಂಡತಿಯನ್ನು ಹೀಗೆ ಗೋಳು ಹುಯ್ದುಕೊಂಡರು.

ನಾನು ಗಂಟಲು ಗಡುಸು ಮಾಡಿಕೊಂಡು ಕೇಳಬೇಕು: "ವೈನಿ, ಅಣ್ಣನ ಫೋನಿನ ಲಾಕ್ ಏನರಿ?"

ಕಾಕು ಹೇಳಬೇಕು: "ನನಗ ಗೊತ್ತಿಲ್ಲಪಾ. ಹನ್ನೊಂದ ದಿವಸ ಆಗ್ಲಿ."

"ಇಲ್ಲೊಂದ ಸಹಿ ಬೇಕಿತ್ತರಿ ವೈನಿ."

"ಹನ್ನೊಂದ ದಿವಸ ಆಗ್ಲಿ."

"ಮಂದಿ ಊಟಕ್ಕ ಖರ್ಚಿಗೆ ಒಂದೀಟು ರೊಕ್ಕ."

ಇಲ್ಲಿ ಕಾಕು ಪ್ರತಿ ಸಲ ತಪ್ಪುತ್ತಿದ್ದಳು. "ಊಟಕ್ಕ ಇಲ್ಲ ಅನ್ನೂದು ಹೆಂಗರಿ?" ಹೆಣ ಒಂದು ಕಣ್ಣು ತೆರೆಯುತ್ತಿತ್ತು. "ದಡ್ಡಿ. ಊಟದ ಹೆಸರಲೇ ಮನಿ ತಿಂತಾರ. ಮತ್ತ ಮೊದಲಿಂದ ಹೇಳು." ಕಾಕುವಿನ ಕಣ್ಣಲ್ಲಿ ನೀರು ಬಂದರೂ ಬಿಡುತ್ತಿರಲಿಲ್ಲ. "ಅಳೂದು ಆಮ್ಯಾಲೆ. ಈಗ ಅತ್ತರ ಯಾರ ಕೊಡ್ತಾರ ರೊಕ್ಕ?" ಒಮ್ಮೆ ದಣಿದ ಕಾಕು, "ನೀವು ಸತ್ತರ ಮೊದಲ ಬಾಗಲಾ ಹಾಕ್ಕೊಂಡು ನಿದ್ದಿ ಮಾಡ್ತೇನಿ. ಇಷ್ಟ ವರ್ಷದ್ದು ಬಾಕಿ ಐತಿ" ಎಂದಳು. ಹೆಣ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಎದ್ದು ಕೈ ತೊಳೆದು ಊಟಕ್ಕೆ ಕೂತಿತು.

ಅವರು ಮಿತಿ ಮೀರಿದ್ದನ್ನೂ ಕಂಡಿದ್ದೇನೆ. ಒಂದು ಅಮಾವಾಸ್ಯೆ, ಕುಂಕುಮ ಅಳಿಸಿಕೊಂಡು ಬಾ ಎಂದರು. "ಬರೇ ಹಣಿ ನೋಡಿದರ ಬ್ಯಾಂಕಿನ್ಯಾಗ ಮಂದಿ ಮರುಗ್ತಾರ. ಮರುಗಿದವರು ಕೆಲಸ ಮಾಡೂದಿಲ್ಲ, ಬರೇ ಮರುಗ್ತಾರ. ಅದನ್ನೂ ರೂಢಿ ಮಾಡ್ಕೋ." ಕಾಕು ಒಳಗೆ ಹೋದಳು. ಹೊರಗೆ ಬಂದಾಗ ಕುಂಕುಮ ಮೊದಲಿಗಿಂತ ದೊಡ್ಡದಾಗಿತ್ತು, ಹುಬ್ಬಿನಿಂದ ಬೈತಲೆಯವರೆಗೆ. ಎದುರಿಗೆ ಕೂತು, "ಕೇಳ್ರಿ, ಏನ್ ಕೇಳ್ತೀರಿ" ಎಂದಳು. ಅವತ್ತು ನನ್ನ ಬದಲು ಹೆಣವೇ ಪ್ರಶ್ನೆ ಕೇಳಿತು, ಅದೂ ತಪ್ಪು ತಪ್ಪಾಗಿ. ನಾನು ಅವರನ್ನು ದ್ವೇಷಿಸಿದೆ. ಮುಂದಿನ ತಿಂಗಳು ಮತ್ತೆ ಹೋದೆ, ಎಣ್ಣೆಗಾಯಿ ಇತ್ತಲ್ಲ.

ಹೀಗೆ ವರ್ಷಗಟ್ಟಲೆ ನಡೆದು ಕಾಕು ಎಷ್ಟು ತಯಾರಾದಳೆಂದರೆ, ಯಾವ ಖಾತೆ ಎಲ್ಲಿ, ಯಾವ ಕಾಗದ ಯಾವ ಬೀರುವಿನಲ್ಲಿ, ಮರಣ ಪ್ರಮಾಣಪತ್ರದ ಪ್ರತಿ ಎಷ್ಟು ಬೇಕು ಎಂಬುದೆಲ್ಲ ತೊಟ್ಟಿಲ ಹಾಡಿನಷ್ಟು ಸಲೀಸಾಗಿ ಬರುತ್ತಿತ್ತು. ಎಲ್ಲ ಹೂಡಿಕೆಗೂ ಅವಳೇ ನಾಮಿನಿ. ಸರ್ ಅವರಿಗೆ ಸಕ್ಕರೆ ಕಾಯಿಲೆ, ಬಿ.ಪಿ., ವಯಸ್ಸಿನಲ್ಲೂ ಹೆಂಡತಿಗಿಂತ ಬಹಳ ಹಿರಿಯರು. ಲೆಕ್ಕ ಸರಿಯಾಗಿಯೇ ಇತ್ತು.

ಮೊದಲು ಹಾಸಿಗೆ ಹಿಡಿದವಳು ಕಾಕು.

ಹೊಟ್ಟೆನೋವು ಎಂದಳು, ಸೋಡಾ ಕುಡಿದಳು, ಮೈ ಹಳದಿಗೆ ತಿರುಗಿದ ಮೇಲೆ ಆಸ್ಪತ್ರೆಗೆ ಹೋದಳು. ಡಾಕ್ಟರರು ಹೊರಗೆ ಕರೆದು ಹೇಳಿದಾಗ ಸರ್ ಕೇಳಿದ್ದು ಒಂದೇ. "ಎಷ್ಟ ದಿವಸ?" ಉಳಿದವರ ಬಗ್ಗೆ ಕೇಳುತ್ತಿದ್ದ ಧ್ವನಿಯಲ್ಲೇ ಕೇಳಿದರು. ಉತ್ತರ ಬಂದ ಮೇಲೆ ಹೆಬ್ಬೆರಳು ನಾಲಿಗೆಗೆ ಹೋಯಿತು, ಅಲ್ಲೇ ನಿಂತಿತು, ಸರಿಸಲು ಮುಂದೆ ಏನೂ ಇರಲಿಲ್ಲ.

ಮರುದಿನ ನಾನು ಗಂಜಿ ತೆಗೆದುಕೊಂಡು ಹೋದೆ. ಕಾಕು ದಿಂಬಿಗೆ ಒರಗಿ ಕೂತಿದ್ದಳು. ಗಂಡನನ್ನು ಹತ್ತಿರ ಕರೆದಳು. "ರೀ, ನಾ ಸತ್ತೇನಿ. ಚಾಲೂ ಮಾಡ್ರಿ" ಎಂದು ಕಣ್ಣು ಮುಚ್ಚಿದಳು.

ಸರ್ ನನ್ನ ಕಡೆ ನೋಡಿದರು. ನಾನು ಗಂಜಿಯ ಡಬ್ಬಿ ನೋಡಿದೆ.

"ಮುಂಜಾನಿ ಗುಳಿಗಿ ಯಾವ್ದು, ಸಂಜೀದು ಯಾವ್ದು?" ಎಂದಳು ಕಾಕು, ಕಣ್ಣು ಮುಚ್ಚಿಕೊಂಡೇ.

ಸರ್ ಕಿಸೆ ತಡಕಿದರು.

"ಸಕ್ರಿ ಡಬ್ಬಿ ಎಲ್ಲೈತಿ? ಬ್ಯಾಳಿ ಡಬ್ಬಿ?"

"ಅದೆಲ್ಲಾ ಈಗ್ಯಾಕ..."

"ಅಳೂದು ಆಮ್ಯಾಲೆ. ಹಾಲಿನಾಂವ ಬಂದರ ಎಷ್ಟ ಹಾಕು ಅಂತೀರಿ? ರಾತ್ರಿ ಎಚ್ಚರಾದರ ಯಾರನ್ನ ಕರೀತೀರಿ?"

ಕೋಟಿಗಟ್ಟಲೆ ರೂಪಾಯಿಗೆ ನಾಲಿಗೆಯ ತುದಿಯಲ್ಲೇ ಉತ್ತರವಿದ್ದ ಮನುಷ್ಯ ಮಂಚದ ಕಂಬಿ ಹಿಡಿದು ನಿಂತಿದ್ದರು. ಕಾಕು ಒಂದು ಕಣ್ಣು ತೆರೆದಳು. "ಫೇಲ್ ಆದ್ರಿ" ಎಂದು ನಕ್ಕಳು. ಇಷ್ಟು ವರ್ಷದ್ದನ್ನೆಲ್ಲ ಒಂದೇ ಏಟಿಗೆ ತೀರಿಸಿದಳು ಎಂದು ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಅವಳು ಗೋಡೆಯ ಕಡೆ ಹೊರಳಿದಾಗ ಮುಖ ಕಂಡಿತು. ನಗು ಅಲ್ಲಿ ಇರಲಿಲ್ಲ. "ಇವರನ್ನ ಯಾರ ನೋಡ್ಕೋತಾರವಾ?" ಎಂದಳು ನನಗೆ ಮಾತ್ರ ಕೇಳುವಂತೆ. ನಾನು ಗಂಜಿಯನ್ನು ಬಟ್ಟಲಿಗೆ ಸುರಿದೆ.

ಆ ತಿಂಗಳ ಅಮಾವಾಸ್ಯೆಗೆ ಮೊದಲೇ ಕಾಕು ಹೋದಳು.

ಮೂರನೆಯ ದಿನ ಮಾತಾಡಿಸಲು ಹೋದೆ. ಪಡಸಾಲೆಯಲ್ಲಿ ಜನ ತುಂಬಿದ್ದರು, ಸರ್ ಅವರ ತಮ್ಮನೂ ಇದ್ದ. ಸರ್ ತಾಲೀಮಿನಲ್ಲಿ ಕೂರುತ್ತಿದ್ದ ಜಾಗದಲ್ಲೇ, ಅದೇ ಗೋಡೆಗೆ ಒರಗಿ ಕೂತಿದ್ದರು. ಅನ್ನ ಮುಟ್ಟಿಲ್ಲ, ಎದ್ದಿಲ್ಲ, ಯಾರ ಮಾತಿಗೂ ಹ್ಞೂಂ ಅಂದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ನಾನು ಎದುರಿಗೆ ಕೂತೆ. ಅವರು ನನಗೆ ಕಲಿಸಿದ್ದು ಒಂದೇ ಒಂದು ಸಮಾಧಾನದ ಮಾತು.

"ಸರ್, ಒಂದ ಕಪ್ ಚಹಾ ಬೇಕಾಗಿತ್ತರಿ" ಎಂದೆ.

ಕೂತವರೆಲ್ಲ ನನ್ನನ್ನು ಕೊಲೆ ಮಾಡಿದವಳಂತೆ ನೋಡಿದರು. ಪಕ್ಕದ ಮನೆಯಾಕೆ ಏಳಹೋದಳು, ನಾನು ಅವಳ ಕೈ ಹಿಡಿದು ಕೂರಿಸಿದೆ. "ಅವರ ಮಾಡ್ಲಿರಿ." ಸರ್ ನನ್ನನ್ನು ದಿಟ್ಟಿಸಿದರು. ಅಂಥ ದ್ವೇಷವನ್ನು ನಾನು ಅವ್ವನ ಕಣ್ಣಲ್ಲಿ ಒಮ್ಮೆ ಕಂಡಿದ್ದೆ, ಇವರು ಚಹಾ ಕೇಳಿದ ದಿನ. ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು.

ಡಬ್ಬಿಗಳ ಮುಚ್ಚಳ ತೆರೆಯುವ ಸದ್ದು ಕೇಳತೊಡಗಿತು. ಒಂದು ತೆರೆದು ಮುಚ್ಚುವುದು, ಇನ್ನೊಂದು ತೆರೆದು ಮುಚ್ಚುವುದು. ಯಾವುದೋ ಒಂದು ಕೆಳಗೆ ಬಿತ್ತು, ಕಾಳು ಹರಡಿದ ಸಪ್ಪಳವಾಯಿತು. ಎದ್ದು ಹೋಗಿ ಅವರ ಕೈಯಿಂದ ಪಾತ್ರೆ ಕಸಿದುಕೊಳ್ಳಬೇಕೆಂದು ನನ್ನ ಕಾಲು ಎಳೆಯುತ್ತಿತ್ತು. ಏಳಲಿಲ್ಲ. ಇದು ಸೇಡೋ ವಿದ್ಯೆಯೋ ಎಂದು ಆಗಲೂ ಗೊತ್ತಿರಲಿಲ್ಲ, ಈಗಲೂ ಇಲ್ಲ.

ಕಡೆಗೂ ಕಪ್ಪು ಹಿಡಿದು ಬಂದರು. ಬಸಿಯ ತುಂಬ ಚೆಲ್ಲಿತ್ತು. "ಸಕ್ರಿ ಡಬ್ಬಿ ಸಿಗಲಿಲ್ಲ" ಎಂದರು. ಮೂರು ದಿನಗಳಲ್ಲಿ ಅವರು ಆಡಿದ ಮೊದಲ ಮಾತು ಅದು. ಆಮೇಲೆ ಕೂತು, ಎಲ್ಲರ ಮುಂದೆ, ಬಾಯಿ ತೆರೆದು ಅತ್ತರು. ನಾನು ಚಹಾ ಮುಗಿಸಿದೆ. ಹೇಳದೆ ಎದ್ದು ಬಂದೆ.

ಅದಾದ ಮೇಲೂ ಅವರು ಆಫೀಸಿಗೆ ಬರುತ್ತಿದ್ದರು. ಗಿರಾಕಿಗಳನ್ನು ಬೈಯುತ್ತಿರಲಿಲ್ಲ, ಅದರಿಂದ ಗಿರಾಕಿಗಳು ಗಾಬರಿಯಾದರು. ಕಾಕುವಿನ ಫೋನು ಸದಾ ಅವರ ಕಿಸೆಯಲ್ಲಿ, ಚಾರ್ಜ್ ಇಳಿಯಲು ಬಿಡುತ್ತಿರಲಿಲ್ಲ. ಎಲ್ಲ ಹೂಡಿಕೆಗಳಲ್ಲೂ ನಾಮಿನಿಯ ಜಾಗದಲ್ಲಿ ಸತ್ತವಳ ಹೆಸರೇ ಇತ್ತು. ನಾನು ನೆನಪಿಸಿದೆ. "ಸರ್, ಬದಲಿ ಮಾಡಬೇಕ್ರಿ. ಇಲ್ಲಂದ್ರ ಎಲ್ಲಾ ನಿಮ್ಮ ತಮ್ಮಗ ಹೋಗ್ತೈತಿ. ಒಂದ ಉಯಿಲರೆ ಬರೀರಿ." ಹ್ಞೂಂ ಎನ್ನುತ್ತಿದ್ದರು. ಹೆಬ್ಬೆರಳು ನೆಕ್ಕಿ ಸರಿಸುತ್ತ ಸರಿಸುತ್ತ ಆ ಹೆಸರಿನ ಹತ್ತಿರ ಬಂದು ಟ್ಯಾಬನ್ನು ಬೋರಲು ಹಾಕುತ್ತಿದ್ದರು. ಇದನ್ನೇ ಬೇರೆ ಗಂಡಸು ಮಾಡಿದ್ದರೆ ಅವನ ಜನ್ಮ ಜಾಲಾಡುತ್ತಿದ್ದರು. ಒಂದು ಸಂಜೆ, ಹೊರಡುವಾಗ, ನಾನು ಕೇಳದೆಯೇ ತಮ್ಮ ಫೋನಿನ ಲಾಕ್ ಹೇಳಿದರು. "ಇನ್ಯಾರಿಗಿ ಹೇಳ್ಲಿ" ಎಂದು ಮೆಟ್ಟಿಲಿಳಿದು ಹೋದರು.

ಮಾಗಿಯ ಚಳಿಯಲ್ಲಿ ಒಂದು ದಿನ ಅವರು ಬರಲಿಲ್ಲ. ಹಾಲಿನವನು ಬಾಗಿಲು ಬಡಿದು, ಪಕ್ಕದವರನ್ನು ಕರೆದು, ಬಾಗಿಲು ಒಡೆಸಿದ. ನಾನು ಹೋಗುವ ಹೊತ್ತಿಗೆ ವಿಭೂತಿ ಹಚ್ಚಿ ಕೂರಿಸಿದ್ದರು, ಅದೇ ಗೋಡೆಗೆ, ಅದೇ ಚಕ್ಕಳಮಕ್ಕಳ. ನಾನು ಹುಚ್ಚಿಯಂತೆ ಬಹಳ ಹೊತ್ತು ನೋಡುತ್ತ ನಿಂತೆ. ಒಂದು ಕಣ್ಣು ತೆರೆದು ದಡ್ಡಿ ಎನ್ನುತ್ತಾರೆಂದು.

ಚಹಾ ಕೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಾನೇ ಅಡುಗೆಮನೆಗೆ ಹೋದೆ. ಗೂಡಿನ ತುಂಬ ಕಾಕುವಿನ ಡಬ್ಬಿಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ನಮ್ಮ ಆಫೀಸಿನ ಫೈಲುಗಳಿಗೆ ಅಂಟಿಸುವ ಬಿಳಿ ಚೀಟಿ, ಅದರ ಮೇಲೆ ಸರ್ ಅವರ ಅಕ್ಷರ. ಸಕ್ರಿ. ತೊಗರಿ ಬ್ಯಾಳಿ. ಜೀರಗಿ. ಗುಳಿಗೆಗಳ ಎರಡು ಡಬ್ಬಿಗಳ ಮೇಲೆ ಮುಂಜಾನಿ, ಸಂಜಿ. ಫೇಲಾದ ಪರೀಕ್ಷೆಗೆ ಮತ್ತೆ ಕೂರಲು ಓದಿದ್ದರು. ನನಗೆ ಅಲ್ಲೇ, ಸಕ್ಕರೆ ಡಬ್ಬಿ ಹಿಡಿದುಕೊಂಡು, ಅಪ್ಪ ಸತ್ತಾಗ ಬಾರದಿದ್ದ ಅಳು ಬಂತು.

ಹಿಂದೆ ಯಾರೋ ಕೆಮ್ಮಿದರು. ತಮ್ಮ. ಅವನ ಕೈಯಲ್ಲಿ ಸರ್ ಅವರ ಫೋನು.

"ಅಣ್ಣನ ಫೋನಿನ ಲಾಕ್ ಏನಂತ ನಿಮಗೇನರೆ ಗೊತ್ತೈತೇನ್ರಿ?"

ಇಷ್ಟು ವರ್ಷ ನಾನು ಗಂಟಲು ಗಡುಸು ಮಾಡಿಕೊಂಡು ಕೇಳಿದ್ದ ಪ್ರಶ್ನೆ. ಇವನ ಧ್ವನಿ ನಾನು ಮಾಡುತ್ತಿದ್ದುದಕ್ಕಿಂತ ಮೆತ್ತಗಿತ್ತು. ಲಾಕ್ ನನಗೆ ಗೊತ್ತಿತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಉಯಿಲಿಲ್ಲ. ಇವತ್ತಲ್ಲದಿದ್ದರೆ ಆಮೇಲೆ ಎಲ್ಲವೂ ಇವನಿಗೇ ಹೋಗುವುದು, ಅದೂ ಗೊತ್ತಿತ್ತು. ಯಾರನ್ನು ಉಳಿಸಲೆಂದು ಆ ಪಾಠವೆಲ್ಲ ನಡೆದಿತ್ತೋ ಅವಳೇ ಉಳಿದಿರಲಿಲ್ಲ.

ಕಣ್ಣೊರೆಸಿಕೊಂಡೆ. "ನನಗ ಗೊತ್ತಿಲ್ರಿ. ಹನ್ನೊಂದ ದಿವಸ ಆಗ್ಲಿ" ಎಂದೆ.

ಸಕ್ಕರೆ ಡಬ್ಬಿಯನ್ನು ಅದರ ಜಾಗದಲ್ಲಿಟ್ಟೆ. ಪಡಸಾಲೆ ದಾಟುವಾಗ ಅವರ ಕಡೆ ಒಮ್ಮೆ ನೋಡಿದೆ. ಈ ಸಲ ನನ್ನ ಉತ್ತರದಲ್ಲಿ ಒಂದೂ ತಪ್ಪಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಏನೂ ಹೇಳದೆ, ಹೊರಟು ಬಂದೆ.